ಇಸ್ತ್ರಿ ಮೇಜಿನ ಮೇಲಿನ ಮೋಡ

ನನ್ನ ಮಗಳ ಸಿನಿಮಾಕ್ಕೆ ಬಂದ ವಿಮರ್ಶೆಗಳನ್ನೆಲ್ಲ ನಾನು ಇಸ್ತ್ರಿ ಹಾಕಿಯೇ ಓದಿದೆ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಕಸುಬಿಗೆ ಹಳೆಯ ಪೇಪರು ಬೇಕೇ ಬೇಕು. ಗರಿಗರಿ ಮಾಡಿದ ಬಟ್ಟೆಯನ್ನು ಬರಿಮೈಯಲ್ಲಿ ಕಳಿಸಲಾಗುತ್ತದೆಯೇ? ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಡಬೇಕು. ಹಾಗಾಗಿ ಮೂವತ್ತು ವರ್ಷಗಳಿಂದ ಲೋಕದ ಸುದ್ದಿಯೆಲ್ಲ ನನಗೆ ಮುಟ್ಟುವುದು ಮೂರು ನಾಲ್ಕು ದಿನ ತಡವಾಗಿ, ಸುಕ್ಕುಬಿದ್ದು. ಸುಕ್ಕಿದ್ದರೆ ನನಗೆ ಓದಲಾಗುವುದಿಲ್ಲ, ಕೈ ತಾನಾಗಿಯೇ ಇಸ್ತ್ರಿ ಪೆಟ್ಟಿಗೆಗೆ ಹೋಗುತ್ತದೆ. ಒಂದು ಸಲ ಎಳೆದರೆ ಸಾಕು, ಮಂತ್ರಿಗಳ ಮುಖವೂ ನುಣ್ಣಗಾಗುತ್ತದೆ.

ಮೊದಲು ಸಿಕ್ಕಿದ್ದು ಒಂದು ಸಣ್ಣ ಪತ್ರಿಕೆಯದು. ‘ನಗರದ ಬಡತನವನ್ನು ಕಿರುಚದೆ, ಕೈಮುಗಿಯದೆ ಹೇಳಿದ ಚೊಚ್ಚಲ ಚಿತ್ರ’ ಎಂದು ಬರೆದಿದ್ದರು. ಬರೆದವರ ಹೊಟ್ಟೆ ತಣ್ಣಗಿರಲಿ. ಆ ಹಾಳೆಯನ್ನು ಡಾಕ್ಟರ ಮನೆಯ ಬಟ್ಟೆಗೆ ಸುತ್ತಿದೆ, ಅಕ್ಷರ ಹೊರಗೆ ಕಾಣುವ ಹಾಗೆ. ಡಾಕ್ಟರ ಹೆಂಡತಿ ಅದನ್ನು ನೋಡದೆ ದಾರ ಕಿತ್ತು ಬುಟ್ಟಿಗೆ ಎಸೆದಳು. ಅವಳ ಹಣೆಬರಹ.

ಎರಡನೆಯದು ದೊಡ್ಡ ಪತ್ರಿಕೆಯದು. ಐದರಲ್ಲಿ ಎರಡೇ ನಕ್ಷತ್ರ. ಅದರಲ್ಲಿ ಹೀಗಿತ್ತು: ‘ನಿರ್ದೇಶಕಿಗೆ ಕಣ್ಣಿದೆ, ಆದರೆ ಬಡತನವನ್ನು ಹತ್ತಿರದಿಂದ ಕಂಡಂತಿಲ್ಲ. ಒಂದೇ ಕೋಣೆಯ ಮನೆ, ಹಸಿದ ಮಧ್ಯಾಹ್ನ. ಅಲ್ಲಿ ಇಸ್ತ್ರಿ ಮಾಡುವ ತಾಯಿ ಒದ್ದೆ ಬಟ್ಟೆಯ ಮೇಲೆ ಪೆಟ್ಟಿಗೆಯೊತ್ತಿ ಹಬೆ ಎಬ್ಬಿಸುತ್ತಾಳೆ, ಮಗಳಿಗೆ ಮೋಡ ತೋರಿಸುತ್ತಾಳೆ, ನಗುತ್ತಾಳೆ. ಕೆಂಡ ಉರಿಸಿ ಆಟವಾಡುವಷ್ಟು ಪುರುಸೊತ್ತು ಯಾವ ಬಡ ತಾಯಿಗಿದೆ? ಇದು ಹೊಟ್ಟೆ ತುಂಬಿದವರು ಕಂಡ ಕನಸು.’

ಹೊಟ್ಟೆ ತುಂಬಿದವರಂತೆ! ನನ್ನ ಮಗಳು ನನ್ನ ಇಸ್ತ್ರಿ ಮೇಜಿನ ಕೆಳಗೆ ಮಲಗಿ ಬೆಳೆದವಳು. ಮೇಲಿಂದ ನಾನು ಚಿಮುಕಿಸಿದ ನೀರು ಅವಳ ಹಣೆಯ ಮೇಲೆ ಬೀಳುತ್ತಿತ್ತು. ಬಡತನವನ್ನು ಅದಕ್ಕಿಂತ ಹತ್ತಿರದಿಂದ ನೋಡಬೇಕಾದರೆ ಅದರ ಜೇಬಿನೊಳಗೇ ಇಳಿಯಬೇಕು. ಆ ಮಹಾನುಭಾವನ ಹೆಸರಿನ ಮೇಲೆ ಪೆಟ್ಟಿಗೆಯನ್ನು ಒಂದು ಗಳಿಗೆ ಜಾಸ್ತಿ ಇಟ್ಟೆ. ಬೇಕಂತಲೇ ಇಟ್ಟೆ. ಕಾಗದ ಕಂದಾಯಿತು.

ಇಷ್ಟೆಲ್ಲ ಹಾರಾಡುವ ನಾನು ಆ ಸಿನಿಮಾ ನೋಡಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಂದು ಮೂರು ವಾರವಾಗಿತ್ತು. ನಮ್ಮ ಹರಕು ಚಾಪೆಯನ್ನು ಊರಿನವರೆಲ್ಲ ಟಿಕೆಟು ತಗೊಂಡು ನೋಡಬೇಕೆ ಎಂದು ನನಗೆ ಸಿಟ್ಟು. ಮಗಳು ಬಂದು ಹಳೆಯ ಕೆಂಡದ ಪೆಟ್ಟಿಗೆ ಕೇಳಿದಾಗ ಕೊಟ್ಟಿದ್ದೆ, ಅಷ್ಟೆ. ಅವಳ ಗೆಳೆಯರು ಎಲ್ಲೋ ಒಂದು ಗೋದಾಮಿನಲ್ಲಿ ನಮ್ಮ ಕೋಣೆಯ ಹಾಗೇ ಕೋಣೆ ಕಟ್ಟಿದರಂತೆ. ನಿಜವಾದ ಕೋಣೆಯಲ್ಲಿ ನಾನಿನ್ನೂ ನಿಂತು ಕೆಲಸ ಮಾಡುತ್ತಿದ್ದೇನೆ. ಅವರಿಗೆ ಅದರ ನಕಲು ಬೇಕಾಯಿತು. ಈಗ ನನ್ನದು ಕರೆಂಟಿನ ಪೆಟ್ಟಿಗೆ, ಗೋಡೆಗೆ ಬಣ್ಣವೂ ಆಗಿದೆ, ಅದಕ್ಕೇ ಇರಬೇಕು.

ಆ ಸೋಮವಾರ ಮಧ್ಯಾಹ್ನ ಗುಬ್ಬಿ ಬಂದಳು. ಮಗಳನ್ನು ನಾನು ಕರೆಯುವುದು ಹಾಗೆ. ಇಪ್ಪತ್ತೆಂಟು ವರ್ಷವಾದರೂ ಗುಬ್ಬಿಯೇ. ಬಾಗಿಲ ಕಡೆಯ ಸ್ಟೂಲಿನ ಮೇಲೆ ಕುಕ್ಕರಿಸಿದಳು. ಮೂರು ದಿನದಿಂದ ತಲೆ ಬಾಚಿದ ಹಾಗಿರಲಿಲ್ಲ. ಮೇಜಿನ ಮೇಲೆ ಕಂದಾದ ಪೇಪರು ನೋಡಿದಳು.

“ಓದ್ದ್ಯಾ?”

“ಓದ್ದೆ. ಯಾರವನು? ಅವನ ಬಟ್ಟೆ ಎಲ್ಲಿ ಇಸ್ತ್ರಿ ಮಾಡಿಸ್ತಾನೆ ಹೇಳು, ಹೋಗಿ ವಿಚಾರಿಸ್ಕೊಂಡು ಬರ್ತೀನಿ.”

ಅವಳು ನಗಲಿಲ್ಲ. “ಅವನೊಬ್ಬನೇ ಅಲ್ಲಮ್ಮ. ನಾಲ್ಕು ಜನ ಅದನ್ನೇ ಬರ್ದಿದ್ದಾರೆ. ಮಿಕ್ಕಿದ್ದೆಲ್ಲ ಚೆನ್ನಾಗಿದೆಯಂತೆ, ಮೋಡ ಮಾತ್ರ ಸುಳ್ಳಂತೆ. ನಂಗೇ ಈಗ ಅನುಮಾನ ಬರ್ತಿದೆ.” ಉಗುರು ನೋಡಿಕೊಂಡಳು. “ಅಮ್ಮ, ನೀನು ಹೇಳು. ಆವತ್ತು ನಿಜವಾಗ್ಲೂ ಮೋಡ ಮಾಡಿದ್ಯಲ್ವಾ? ನಾನು ಕನಸಲ್ಲಿ ಕಂಡಿದ್ದಲ್ಲ ತಾನೆ?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮಾಡಿದ್ದೆ ಕಣೆ, ಎನ್ನಬಹುದಿತ್ತು. ಆದರೆ ಇವಳು ಅಷ್ಟಕ್ಕೆ ಬಿಡುವವಳಲ್ಲ. ಯಾಕೆ ಮಾಡಿದೆ, ಆವತ್ತು ಏನಾಗಿತ್ತು, ಮುಂಚೆ ಏನು, ಆಮೇಲೆ ಏನು ಎಂದು ಕೆದಕುತ್ತಾಳೆ. ಅವಳ ಕಸುಬೇ ಅದು. ಯಾಕೆ ಎನ್ನುವುದನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಬಾಯಿಗೆ ಬೀಗ ಹಾಕಿ ಇಟ್ಟುಕೊಂಡಿದ್ದೆ.

“ನೆನಪಿಲ್ಲ ಕಣೆ. ಎಷ್ಟು ವರ್ಷ ಆಯ್ತು,” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ನಿಂತಳು. “ಸರಿ ಬಿಡು. ಹಾಗಾದ್ರೆ ತೆಗೆದುಬಿಡ್ತೀನಿ. ಶುಕ್ರವಾರ ಬೇರೆ ಊರುಗಳಿಗೆ ಪ್ರಿಂಟ್ ಕಳಿಸ್ಬೇಕು. ಮೋಡ ಕತ್ತರಿಸಿ ಕಳಿಸ್ತೀನಿ. ನಿನಗೇ ನೆನಪಿಲ್ಲ ಅಂದ್ಮೇಲೆ ನಾನ್ಯಾರ ಹತ್ರ ವಾದ ಮಾಡ್ಲಿ?”

ಹೋದಳು. ಚಹಾ ಕೂಡ ಕುಡಿಯಲಿಲ್ಲ.

ಆವತ್ತು ಏನಾಗಿತ್ತೆಂದು ನಿಮಗೆ ಹೇಳುತ್ತೇನೆ. ಇಂಥದೇ ಮಧ್ಯಾಹ್ನ. ಬಿಸಿಲು ಕಿಟಕಿಯಿಂದ ಮೇಜಿನವರೆಗೆ ಬಂದು ಅಲ್ಲೇ ನಿದ್ದೆ ಹೋಗಿತ್ತು. ನಾನು ನೀರು ಹಿಡಿಯಲು ನಲ್ಲಿಗೆ ಹೋಗಿದ್ದೆ. ಬಕೆಟ್ಟು ತುಂಬುವುದನ್ನು ನೋಡುತ್ತಾ ನಿಂತೇ ಒಂದು ಜೊಂಪು ಹತ್ತಿತ್ತೇನೋ, ಗೊತ್ತಿಲ್ಲ. ಹಿಂದಿನ ದಿನವೂ ಸರಿಯಾಗಿ ಉಂಡಿರಲಿಲ್ಲ. ಮರಳಿ ಬಾಗಿಲಿಗೆ ಬರುವಾಗಲೇ ವಾಸನೆ. ಇಸ್ತ್ರಿ ಮಾಡುವವರಿಗೆ ಆ ವಾಸನೆ ಗೊತ್ತು.

ಮೇಜಿನ ಮೇಲೆ ವಕೀಲರ ಬಿಳಿ ಅಂಗಿ. ಬೆನ್ನಿನ ನಟ್ಟನಡುವೆ ಪೆಟ್ಟಿಗೆ. ಹಿಡಿದು ಎತ್ತಿದೆ. ಕೆಳಗೆ ಕಂದು ಗುರುತು, ಅಚ್ಚು ಹಾಕಿದ ಹಾಗೆ.

ಇಸ್ತ್ರಿ ಪೆಟ್ಟಿಗೆಗೆ ಮುಂದುಗಡೆ ಚೂಪಾದ ಮೂತಿಯಿರುತ್ತದೆ. ಹಿಡಿದವರಿಗೆ ಹಿಡಿ, ಎದುರಿನವರಿಗೆ ಮೂತಿ. ಸುಟ್ಟ ಗುರುತಿನ ಮೂತಿ ನೋಡಿದರೆ ಸಾಕು, ಹಿಡಿದವರು ಮೇಜಿನ ಯಾವ ಬದಿಗೆ ನಿಂತಿದ್ದರೆಂದು ನಮ್ಮವರು ಹೇಳಿಬಿಡುತ್ತಾರೆ. ನಾನು ನಿಲ್ಲುವುದು ಗೋಡೆಗೆ ಬೆನ್ನು ಕೊಟ್ಟು. ನಾನು ಸುಟ್ಟರೆ ಮೂತಿ ಬಾಗಿಲ ಕಡೆ ಇರಬೇಕು. ಆ ಗುರುತಿನ ಮೂತಿ ಗೋಡೆಯ ಕಡೆ ಇತ್ತು. ಬಾಗಿಲ ಕಡೆ ಇದ್ದದ್ದು ಒಂದು ಸ್ಟೂಲು. ಸ್ಟೂಲು ಹತ್ತಿ, ಅಮ್ಮನಿಗೆ ಸಹಾಯ ಮಾಡೋಣವೆಂದು ಪೆಟ್ಟಿಗೆಯನ್ನು ಎರಡು ಕೈಯಲ್ಲಿ ಅಂಗಿಯ ಮೇಲೆ ದೂಡಿ, ಅಷ್ಟರಲ್ಲಿ ಏನೋ ಕಂಡು ಇಳಿದು ಹೋಗಿ ಕಿಟಕಿಗೆ ಮೂಗೊತ್ತಿ ನಿಂತಿದ್ದವಳು ನನ್ನ ಗುಬ್ಬಿ. ಆರು ವರ್ಷ.

“ಅಮ್ಮಾ, ಮೋಡ ನೋಡು, ಎಷ್ಟು ದಪ್ಪ!” ಎಂದಳು, ತಿರುಗದೆಯೇ.

ವಕೀಲರ ಮನೆಯ ಬಟ್ಟೆಯೇ ನಮ್ಮ ಅರ್ಧ ಅನ್ನ. ಅದು ಹೋಯಿತೆಂದು ಆ ಕ್ಷಣವೇ ನನಗೆ ಗೊತ್ತಾಯಿತು. ಆದರೆ ನಾನು ಯೋಚಿಸಿದ್ದು ಅದನ್ನಲ್ಲ. ಇವಳು ತಿರುಗಿ ನೋಡಿದರೆ? ಈ ಮಗು ಜೀವನವಿಡೀ ಈ ಗುರುತನ್ನು ಹೊತ್ತುಕೊಂಡು ತಿರುಗಿದರೆ? ಬಕೆಟ್ಟಿಗೆ ಟವೆಲ್ಲು ಅದ್ದಿ ಅಂಗಿಯ ಮೇಲೆ ಎಸೆದೆ. ಮೇಲೆ ಪೆಟ್ಟಿಗೆಯಿಟ್ಟು ಒತ್ತಿದೆ. ಚುಸ್ ಎಂದು ಹಬೆ ಎದ್ದಿತು. ಇನ್ನೊಂದು ಟವೆಲ್ಲು, ಮತ್ತೊಂದು. ಕೋಣೆಯಲ್ಲಿ ಮೇಜು ಕಾಣಲಿಲ್ಲ, ಅಂಗಿ ಕಾಣಲಿಲ್ಲ, ಗೋಡೆಯೂ ಹೋಯಿತು.

“ನೋಡು, ಮೋಡ ಒಳಗೇ ಬಂತು!” ಎಂದೆ. ನಕ್ಕೆ.

ವಕೀಲರ ಮನೆಗೆ ಹೋಗಿ ನಾನೇ ಸುಟ್ಟೆ ಎಂದೆ. ಅವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಆ ವರ್ಷವೇ ಗುಬ್ಬಿಯ ಅಣ್ಣ, ನನ್ನ ಮಗ, ಶಾಲೆ ಬಿಟ್ಟ. ಇದನ್ನು ಗುಬ್ಬಿಗೆ ಹೇಗೆ ಹೇಳಲಿ? ಮೋಡ ನಿಜ ಕಣೆ, ಅಣ್ಣನ ಶಾಲೆ ಬಿಡಿಸಿದ್ದು ನೀನು ಕಣೆ, ಎಂದೇ? ಹೇಳಿದರೆ ಅವಳ ಮೋಡ ಉಳಿಯುತ್ತದೆ, ಅವಳು ಮುರಿಯುತ್ತಾಳೆ. ಹೇಳದಿದ್ದರೆ ಮೋಡಕ್ಕೆ ಕತ್ತರಿ. ಮಂಗಳವಾರ, ಬುಧವಾರ ಎರಡು ದಿನವೂ ತಲೆಯಲ್ಲಿ ಇದೇ. ಒಂದು ಪ್ಯಾಂಟಿಗೆ ಎರಡು ಗೆರೆ ಹಾಕಿಬಿಟ್ಟೆ. ಮೂವತ್ತು ವರ್ಷದಲ್ಲಿ ಅಂಥ ತಪ್ಪು ಮಾಡಿದವಳಲ್ಲ.

ಗುರುವಾರ ಬೆಳಿಗ್ಗೆ ಮಗ ಬಂದ. ಬಸ್ ಕಂಡಕ್ಟರು, ಪಾಳಿಗೆ ಮುಂಚೆ ಸಮವಸ್ತ್ರದ ಅಂಗಿ ಇಸ್ತ್ರಿಗೆ ತರುತ್ತಾನೆ, ಪುಕ್ಕಟೆ ಗಿರಾಕಿ.

“ಇವತ್ತು ಕೊನೇ ದಿನವಂತೆ,” ಎಂದ. “ಬೆಳಗಿನ ಆಟ ಒಂದೇ. ಹೋಗಿ ನೋಡಮ್ಮ.”

“ನೀನು ನೋಡಿದ್ದೀಯಲ್ಲ, ಸಾಕು.”

“ಮೂರು ಸಲ ನೋಡ್ದೆ. ಮೂರು ಸಲಾನೂ ನನ್ನ ಪಾತ್ರದ ಹುಡುಗನಿಗೆ ಎರಡೇ ಡೈಲಾಗು. ತಂಗಿ ಅಂತ ಬೇರೆ ಹೇಳ್ಕೋಬೇಕು.” ಅಂಗಿ ಬಿಚ್ಚಿ ಮೇಜಿನ ಮೇಲೆ ಹಾಕಿದ. “ನಾಳೆ ಮೋಡ ತೆಗೀತಾಳಂತೆ. ತೆಗೆಯೋಕೆ ಮುಂಚೆ ನೋಡು. ನೀನು ನೋಡದೇ ತೆಗೆದ್ರೆ ಸುಮ್ನೆ ಮಾಡಿದ ಹಾಗಾಗುತ್ತೆ.”

“ಯಾರು ನೋಡಿದ್ರೇನು, ಬಿಟ್ರೇನು. ಪೇಪರಿನವರೆಲ್ಲ ನೋಡಿ ಆಯ್ತಲ್ಲ.”

“ಅವ್ರು ನೋಡಿದ್ದೇ ಬೇರೆ,” ಎಂದ. ಅಷ್ಟೇ. ಇಸ್ತ್ರಿಯಾದ ಅಂಗಿ ಹಾಕಿಕೊಂಡು ಹೊರಟ. ಬಾಗಿಲಲ್ಲಿ ತಿರುಗಿ, “ರೈಟ್ ರೈಟ್!” ಎಂದು ನನಗೇ ಸೀಟಿ ಊದಿದ. ಕತ್ತೆ.

ಪೆಟ್ಟಿಗೆಯ ವೈರು ಕಿತ್ತು, ಬಾಗಿಲಿಗೆ ಬೀಗ ಹಾಕಿ ಹೊರಟೆ. ಬೆಳಗಿನ ಹೊತ್ತು ಅಂಗಡಿ ಮುಚ್ಚಿದ್ದು ಅದೇ ಮೊದಲು.

ಆ ಟಾಕೀಸು ಹಳೆಯದು. ಒಳಗೆ ಹೋದರೆ ಕತ್ತಲು ತಣ್ಣಗೆ ಮೈಗೆ ಸುತ್ತಿಕೊಂಡಿತು. ಹತ್ತು ಹನ್ನೆರಡು ಜನರಿದ್ದರು, ಅಲ್ಲೊಬ್ಬರು ಇಲ್ಲೊಬ್ಬರು. ಅವರಲ್ಲಿ ಇಬ್ಬರು ನಿದ್ದೆಗೆ ಬಂದವರು. ಹಿಂದಿನಿಂದ ಬೆಳಕಿನ ಕೋಲು ತಲೆಯ ಮೇಲೆ ಹಾದುಹೋಯಿತು. ಅದರೊಳಗೆ ಧೂಳು ತೇಲುತ್ತಿತ್ತು. ನಾನು ಧೂಳನ್ನೇ ನೋಡುತ್ತಿದ್ದೆ, ಪರದೆ ನೋಡಲು ಧೈರ್ಯ ಸಾಲದೆ.

ಕೊನೆಗೆ ನೋಡಿದೆ. ನನ್ನ ಕೋಣೆ! ಆದರೆ ಎಷ್ಟು ದೊಡ್ಡದು! ನಾನು ಹತ್ತು ಹೆಜ್ಜೆಯಲ್ಲಿ ಮುಗಿಸುವ ಕೋಣೆಯಲ್ಲಿ ನನ್ನ ಪಾತ್ರದ ನಟಿ ನಡೆಯುತ್ತಲೇ ಇದ್ದಳು. ಬಕೆಟ್ಟಿನ ನೀರಿನ ಮೇಲೆ ಬಿಸಿಲು ಅಲ್ಲಾಡುತ್ತಿತ್ತು, ಅದರ ನೆರಳು ಸೂರಿನ ಮೇಲೆ ಅಲ್ಲಾಡುತ್ತಿತ್ತು. ಮೂವತ್ತು ವರ್ಷ ಅದೇ ಸೂರಿನ ಕೆಳಗಿದ್ದೆ, ತಲೆಯೆತ್ತಿ ನೋಡಿರಲಿಲ್ಲ. ಮೇಜಿನ ಕೆಳಗೆ ಮಲಗಿದವಳು ನೋಡಿದ್ದಾಳೆ. ಚಾಪೆಯೂ ಇತ್ತು, ಹರಕು ಚಾಪೆಯೇ. ನಾಚಿಕೆಯಾಗಲಿಲ್ಲ. ಯಾವುದೋ ಕಾಲದಲ್ಲಿ ಕಳೆದುಹೋದ ನೆಂಟರನ್ನು ಕಂಡ ಹಾಗಾಯಿತು. ಎಚ್ಚರವೋ ಕನಸೋ ತಿಳಿಯದೆ ಕೂತಿದ್ದೆ. ನಟಿ ನೀರನ್ನು ಎಡಗೈಯಿಂದ ಚಿಮುಕಿಸಿದಾಗ ಮಾತ್ರ, “ಬಲಗೈ, ತಾಯಿ, ಬಲಗೈ,” ಎಂದುಬಿಟ್ಟೆ. ಮುಂದಿನ ಸಾಲಿನವನು ತಿರುಗಿ ನೋಡಿದ.

ಆಮೇಲೆ ಆ ಮಧ್ಯಾಹ್ನ ಬಂತು.

ಕಿಟಕಿಯಲ್ಲಿ ಪುಟ್ಟ ಹುಡುಗಿಯ ಬೆನ್ನು. ಬಾಗಿಲಲ್ಲಿ ಬಕೆಟ್ಟು ಹಿಡಿದ ನಟಿ. ಅವಳು ಮೂಗು ಅರಳಿಸಿದಳು, ಓಡಿ ಬಂದು ಪೆಟ್ಟಿಗೆ ಎತ್ತಿದಳು. ಮೇಲಿನಿಂದ ಮೇಜು ಕಾಣಿಸಿತು: ಈಚೆ ಗೋಡೆ, ಆಚೆ ಬಾಗಿಲು, ನಡುವೆ ಬಿಳಿ ಅಂಗಿ, ಅದರ ಬೆನ್ನಿನ ಮೇಲೆ ಕಂದು ಗುರುತು. ಎರಡು ಉಸಿರಿನಷ್ಟು ಹೊತ್ತು, ಅಷ್ಟೆ. ಒದ್ದೆ ಟವೆಲ್ಲು ಬಂದು ಅದನ್ನು ಮುಚ್ಚಿತು.

ಆ ಎರಡು ಉಸಿರಿನಲ್ಲಿ ನಾನು ನೋಡಿದೆ. ಮೂತಿ ಗೋಡೆಯ ಕಡೆ ಇತ್ತು.

ಗಲಿಬಿಲಿಯಲ್ಲಿ ಯಾರೋ ಹಾಗೆ ಇಟ್ಟದ್ದಲ್ಲ. ಬಾಗಿಲ ಕಡೆ ಸ್ಟೂಲಿತ್ತು, ಸ್ಟೂಲಿನ ಮೇಲೆ ಒದ್ದೆ ಪುಟ್ಟ ಪಾದದ ಗುರುತಿತ್ತು. ಗುಬ್ಬಿಗೆ ಗೊತ್ತಿದೆ. ಎಲ್ಲ ಗೊತ್ತಿದೆ. ಎಷ್ಟು ವರ್ಷದಿಂದ ಗೊತ್ತೋ ದೇವರೇ, ನನ್ನ ಮಗಳಿಗೆ ಗೊತ್ತಿತ್ತು. ಪರದೆ ತುಂಬ ಮೋಡ ಏರುತ್ತಿತ್ತು; ಕುರ್ಚಿಯಲ್ಲಿ ನಾನು ಬಿಕ್ಕಿಬಿಕ್ಕಿ ಅಳುತ್ತಿದ್ದೆ. ನಿದ್ದೆಗೆ ಬಂದ ಇಬ್ಬರೂ ಎದ್ದು ಕೂತರು. ಇನ್ನುಳಿದ ಸಿನಿಮಾ ನನಗೆ ಸರಿಯಾಗಿ ಕಾಣಲಿಲ್ಲ.

ಹೊರಗೆ ಬಂದರೆ ಮೆಟ್ಟಿಲ ಮೇಲೆ ಗುಬ್ಬಿ ಕೂತಿದ್ದಳು. ಅಣ್ಣ ಫೋನು ಮಾಡಿದ್ದನಂತೆ. ಬಿಸಿಲಿಗೆ ಕಣ್ಣು ಬಿಡಲಾಗದೆ ನಾನೂ ಪಕ್ಕದಲ್ಲಿ ಕೂತೆ.

“ಮೂತಿ ಗೋಡೆ ಕಡೆ ಇದೆ,” ಎಂದೆ.

“ಹ್ಞೂಂ,” ಎಂದಳು. ಆಮೇಲೆ, “ನಿನಗೆ ಕಂಡೇ ಕಾಣುತ್ತೆ ಅಂತ ಗೊತ್ತಿತ್ತು.”

“ನೀನು ತಿರುಗೇ ಇರ್ಲಿಲ್ವಲ್ಲೇ. ಕಿಟಕಿ ಹತ್ರ ಇದ್ದೆ.”

“ತಿರುಗಿದ್ದೆ ಅಮ್ಮ. ನೀನು ಟವೆಲ್ ಅದ್ದುತಾ ಇದ್ದಾಗ ತಿರುಗಿದ್ದೆ. ಆ ಮೂತಿ ನೀನು ನಿಲ್ಲೋ ಜಾಗಕ್ಕೇ ಬೆರಳು ಮಾಡಿ ತೋರಿಸ್ತಿತ್ತು. ಅದಕ್ಕೇ ನೀನೇ ಸುಟ್ಟಿದ್ದೀಯ ಅನ್ಕೊಂಡೆ. ಪಾಪ, ಅಮ್ಮನಿಗೆ ಬೈತಾರೆ ಅಂತ ಭಯವಾಯ್ತು. ನಾನು ಪೆಟ್ಟಿಗೆ ಮುಟ್ಟಿದ್ದೇ ಮರೆತುಹೋಗಿತ್ತು. ಹದಿನೈದನೇ ವಯಸ್ಸಲ್ಲಿ ನಂಗೆ ಇಸ್ತ್ರಿ ಕಲಿಸಿದ್ಯಲ್ಲ, ಆಗ ಹೇಳ್ದೆ, ಹಿಡಿದವರಿಗೆ ಹಿಡಿ, ಎದುರಿನವರಿಗೆ ಮೂತಿ ಅಂತ. ಆವತ್ತು ಗೊತ್ತಾಯ್ತು.”

ನನಗೆ ಆ ದಿನ ನೆನಪಿದೆ. ಪಾಠದ ನಡುವೆ ಪೆಟ್ಟಿಗೆ ಇಟ್ಟು ಹೊರಗೆ ಹೋಗಿದ್ದಳು, ಸಂಜೆಯವರೆಗೆ ಬಂದಿರಲಿಲ್ಲ. ಸೋಮಾರಿ ಎಂದು ಬೈದಿದ್ದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

“ಹದಿಮೂರು ವರ್ಷ ಯಾಕೆ ಹೇಳ್ಲಿಲ್ಲ?”

“ನಾನು ಹೇಳಿಬಿಟ್ರೆ ನೀನು ಮೋಡ ಮಾಡಿದ್ದು ವ್ಯರ್ಥ ಆಗ್ತಿತ್ತಲ್ಲಮ್ಮ.”

ಅವಳ ತಲೆಯನ್ನು ಎಳೆದು ನನ್ನ ಭುಜಕ್ಕೆ ಒತ್ತಿಕೊಂಡೆ. ಟಿಕೆಟು ಹರಿಯುವವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೋಡಲಿ.

“ಅಣ್ಣಂಗೆ?” ಎಂದು ಕೇಳಿದೆ, ಭಯದಿಂದಲೇ.

“ಸಿನಿಮಾದ ಕತೆ ಮೊದಲು ಓದಿದ್ದೇ ಅವನು. ನಾನು ಕಾಲು ಹಿಡಿಯೋಕೆ ಹೋದೆ. ‘ಎದ್ದೇಳೇ ಮಂಕೆ, ಶಾಲೆ ಬಿಟ್ಟ ಮಾರನೇ ದಿನ ಲೆಕ್ಕದ ಪರೀಕ್ಷೆ ಇತ್ತು, ನಿನ್ನಿಂದ ತಪ್ಪಿಸ್ಕೊಂಡೆ’ ಅಂದ. ಆಮೇಲೆ ಹೊರಗೆ ಹೋಗಿ ಬಹಳ ಹೊತ್ತು ನಿಂತಿದ್ದ.”

“ಮತ್ತೆ ಸೋಮವಾರ ಬಂದು ನಿಜಾನಾ ಸುಳ್ಳಾ ಅಂತ ನನ್ನನ್ನ ಯಾಕೆ ಕೇಳ್ದೆ, ಕಳ್ಳಿ?”

“ನೀನಾಗೇ ಹೇಳ್ತೀಯೇನೋ ಅಂತ.” ಕಣ್ಣೊರೆಸಿಕೊಂಡಳು. “ಈ ಸಿನಿಮಾ ಒಬ್ಬರಿಗೆ ಅಂತ ಮಾಡಿದ್ದು. ಊರೆಲ್ಲ ನೋಡಿ ನಕ್ಷತ್ರ ಕೊಟ್ರು. ಆ ಒಬ್ಬರು ಬರಲೇ ಇಲ್ಲ. ಬರದೇ ಇದ್ರೆ ಮೋಡ ಇಟ್ಕೊಂಡು ಏನ್ಮಾಡ್ಲಿ?”

“ಬಂದ್ನಲ್ಲೇ! ಇನ್ನು ಕತ್ತರಿ ಹಾಕಿದ್ರೆ ಕೈ ಮುರೀತೀನಿ ನೋಡು.”

ಆಗ ನಕ್ಕಳು. ಮೂಗು ಸೋರುತ್ತಲೇ ನಕ್ಕಳು. ಆಮೇಲೆ ಒಮ್ಮೆಲೇ ಗಂಭೀರಳಾದಳು, ಆರು ವರ್ಷದವಳ ಮುಖ.

“ಅಮ್ಮ, ಒಂದೇ ಒಂದು ನಿಜವಾಗ್ಲೂ ಗೊತ್ತಿಲ್ಲ. ಆ ಪೇಪರಿನವನು ಕೇಳಿದ್ದು ಅದನ್ನೇ. ಆವತ್ತು ನೀನು ನಕ್ಕಿದ್ದು? ಅದು ನಿಜಾನಾ?”

ಕಣ್ಣು ಮುಚ್ಚಿದೆ. ಹಬೆ ಏರುತ್ತಿತ್ತು. ಅದರೊಳಗಿಂದ ಒಂದು ಪುಟ್ಟ ಮುಖ ನನ್ನ ಕಡೆ ಬರುತ್ತಿತ್ತು, ಬಾಯಿ ಅಗಲ ತೆರೆದು, ಮೋಡವನ್ನು ತುತ್ತು ತುತ್ತಾಗಿ ಕಚ್ಚುತ್ತಾ. ಬೆಳಗಿನಿಂದ ಏನೂ ತಿಂದಿರದ ಮಗು. ಎರಡು ತುತ್ತು ತಿಂದು, ಹೊಟ್ಟೆ ಸವರಿಕೊಂಡು, “ಸಪ್ಪೆ ಇದೆ ಅಮ್ಮ, ಉಪ್ಪು ಹಾಕು,” ಎಂದಿತ್ತು.

“ಮೊದಲು ಸುಳ್ಳೇ ಕಣೆ,” ಎಂದೆ. “ನೀನು ಉಪ್ಪು ಕೇಳ್ದೆ ನೋಡು, ಆಮೇಲಿನದು ನಿಜ.”